ಕೊಕ್ಕೆಗೆ ಸಿಕ್ಕ ತೋಳು

ಪೇಟೆಯವರ ಬಾಯಲ್ಲಿ ಅವಳು ರಫೂ ಅಕ್ಕ. ಹರಿದ ಬಟ್ಟೆಯನ್ನು ಹರಿದೇ ಇರಲಿಲ್ಲವೆನ್ನುವಂತೆ ಮಾಡಿಕೊಡುವುದು ಅವಳ ಕೆಲಸ. ತೇಪೆ ಹಾಕುವುದು ಬೇರೆ, ರಫೂ ಬೇರೆ. ತೇಪೆ ಎಲ್ಲರನ್ನೂ ಕರೆದು ತನ್ನನ್ನು ತೋರಿಸಿಕೊಳ್ಳುತ್ತದೆ. ರಫೂ ಮಾಡಬೇಕಾದರೆ ಬಟ್ಟೆಯ ಒಳಮಡಿಕೆಯಿಂದಲೇ ಅದೇ ಬಣ್ಣದ ಎಳೆಗಳನ್ನು ಬಿಡಿಸಿಕೊಂಡು, ತೂತಿನ ಮೇಲೆ ಮೊದಲು ಹಾಸು ಕಟ್ಟಿ, ಆಮೇಲೆ ಹೊಕ್ಕು ಹಾಯಿಸಿ, ಒಂದೆಳೆಯ ಮೇಲೆ ಒಂದೆಳೆಯ ಕೆಳಗೆ ಎಂದು ಕೂತು ನೇಯಬೇಕು. ಕತ್ತು ಹಿಡಿದುಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ. ಕೊನೆಗೆ ಗಿರಾಕಿ ಬಂದು ಕೋಟನ್ನು ಹಿಂದೆ ಮುಂದೆ ತಿರುಗಿಸಿ, "ಎಲ್ಲಿ ಮಾಡಿದ್ದೀರಿ?" ಎಂದು ಕೇಳಿದರೆ ಅದೇ ಅವಳಿಗೆ ಸಿಗುವ ಬಹುಮಾನ.

ಮಾತಿನಲ್ಲಿ ಅವಳು ಯಾರಿಗೂ ಕಡಿಮೆಯಿರಲಿಲ್ಲ. ಒಮ್ಮೆ ದೊಡ್ಡ ಕಂಪನಿಯ ಅಧಿಕಾರಿಯೊಬ್ಬ ಸಿಗರೇಟು ಸುಟ್ಟ ಕೋಟು ಹಿಡಿದುಕೊಂಡು ಬಂದು, ದನಿ ತಗ್ಗಿಸಿ, "ಮನೆಯವಳಿಗೆ ಗೊತ್ತಾಗಬಾರದು ನೋಡಿ" ಎಂದ.

"ತೂತು ಮುಚ್ಚಿಕೊಡ್ತೀನಿ ಸಾರ್, ವಾಸನೆ ಮುಚ್ಚೋ ದಾರ ಇನ್ನೂ ಬಂದಿಲ್ಲ" ಎಂದಳು ಅವಳು. ಅಂಗಡಿಯ ಇಸ್ತ್ರಿಯವನು ನಕ್ಕು ನಕ್ಕು ಒಂದು ಕಾಲರನ್ನು ಸುಟ್ಟೇಬಿಟ್ಟ. ಅದನ್ನೂ ಅವಳೇ ಸರಿಮಾಡಿಕೊಟ್ಟಳು.

ಕೆಲಸ ಕಲಿಸಿದವರು ಸೋದರಮಾವ. ಅವರ ಹತ್ತಿರ ಒಂದೇ ಒಂದು ತಪ್ಪಿಗೆ ಏಟು ಬೀಳುತ್ತಿತ್ತು: ಸೂಜಿ ಕೈತಪ್ಪಿ ಬಿದ್ದರೆ. "ಎಳೆ ತಪ್ಪಿದ್ರೆ ಬಿಚ್ಚಿ ಮತ್ತೆ ಹಾಕಬಹುದು. ಬಟ್ಟೆ ರಾಶೀಲಿ ಸೂಜಿ ಬಿದ್ರೆ ಯಾರ ಮೈಗೆ ಹೋಗುತ್ತೋ ಗೊತ್ತಿಲ್ಲ" ಎಂದು ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಏಳುವಾಗ, ತಿರುಗುವಾಗ, ಯಾರಾದರೂ ಕರೆದಾಗ, ಮೊದಲು ಸೂಜಿಯನ್ನು ಮೇಜಿನ ಮೇಲಿನ ಪುಟ್ಟ ಸೂಜಿದಿಂಬಿಗೆ ಚುಚ್ಚಬೇಕು, ಆಮೇಲೆ ಮಿಕ್ಕಿದ್ದು. ಅದು ಅವಳಿಗೆ ರೆಪ್ಪೆ ಬಡಿಯುವಷ್ಟೇ ಸಹಜವಾಗಿಹೋಗಿತ್ತು. ಈ ಅಭ್ಯಾಸವೇ ಮುಂದೆ ಅವಳ ಕುತ್ತಿಗೆಗೆ ಬಂತು.

ಅಂಗಡಿ ಬಸ್ಸುಗಳು ತಿರುಗುವ ಬೀದಿಯಲ್ಲಿತ್ತು. ಡ್ರೈಕ್ಲೀನಿಂಗ್, ಇಸ್ತ್ರಿ, ರಫೂ ಎಂದು ಫಲಕ. ಮುಂದುಗಡೆ ಕೌಂಟರು, ಅದರ ಹಿಂದೆ ಹಾಳೆ ಸುತ್ತಿದ ಬಟ್ಟೆಗಳು ಸಾಲಾಗಿ ತೂಗುತ್ತಿದ್ದವು, ಆ ಬಟ್ಟೆಗಳನ್ನು ಎರಡೂ ಕೈಯಿಂದ ಸರಿಸಿಕೊಂಡು ಒಳಗೆ ಹೋದರೆ ಅವಳ ಜಾಗ. ಒಂದು ಮೇಜು, ಬಗ್ಗಿಸುವ ದೀಪ, ಸರಳು ಹಾಕಿದ ಕಿಟಕಿ. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಹಿಂದೆ ಬಾಗಿಲಿಲ್ಲ. ಹೊರಗೆ ಹೋಗಬೇಕೆಂದರೆ ಬಟ್ಟೆಗಳ ನಡುವೆಯೇ ಹಾದು, ಕೌಂಟರು ದಾಟಿ, ಷಟರಿನ ಕೆಳಗೆ ಹಾಯಬೇಕು. ಷಟರಿನ ಪಕ್ಕದ ಗೋಡೆಯಲ್ಲಿ ಸರಪಳಿ ಸಿಗಿಸುವ ಕಬ್ಬಿಣದ ಕೊಕ್ಕೆಯೊಂದಿತ್ತು, ಸರಿಯಾಗಿ ಮೊಣಕೈ ಎತ್ತರಕ್ಕೆ.

ಮಾಲೀಕನನ್ನು ಅವಳು ಅಣ್ಣ ಎನ್ನುತ್ತಿದ್ದಳು. ಎಲ್ಲರೂ ಹಾಗೇ ಎನ್ನುತ್ತಿದ್ದರು. ಕೆಟ್ಟವನೆಂಬ ಹೆಸರಿರಲಿಲ್ಲ; ಸಂಬಳ ತಡವಾಗುತ್ತಿರಲಿಲ್ಲ, ಹುಷಾರಿಲ್ಲವೆಂದರೆ ಆಟೋ ಹಿಡಿದು ಮನೆಗೆ ಕಳಿಸುತ್ತಿದ್ದ. ಮಾತು ಮಾತ್ರ ಗಡಸು. ಗಿರಾಕಿಗಳ ಮುಂದೆ ಅವಳೇನಾದರೂ ತಮಾಷೆಗೆ ಶುರುಮಾಡಿದರೆ, ತಲೆಯೆತ್ತದೆ, "ಸುಮ್ಮನಿರು" ಎನ್ನುತ್ತಿದ್ದ. ಅವಳು ಸುಮ್ಮನಾಗುತ್ತಿದ್ದಳು. ಮಗಳು ಮದುವೆಯಾಗಿ ದೂರ ಹೋದ ಮೇಲೆ ಮನೆಯಲ್ಲಿ ಗಂಡ, ಅತ್ತೆ, ತಾನು, ಕೆಲಸ ಚೆನ್ನಾಗಿತ್ತು, ಒಂದು ಗಡಸು ಮಾತಿಗೆಲ್ಲ ಯಾರು ತಲೆಕೆಡಿಸಿಕೊಳ್ಳುತ್ತಾರೆ?

ಆ ಸಂಜೆ ಇಸ್ತ್ರಿಯವನು ಜ್ವರವೆಂದು ಬೇಗ ಹೋಗಿದ್ದ. ಷಟರು ಅರ್ಧಕ್ಕೆ ಇಳಿದ ಸದ್ದು ಕೇಳಿಸಿತು. ಅದರಲ್ಲೇನೂ ಹೊಸದಿಲ್ಲ, ಮುಚ್ಚುವ ಹೊತ್ತಿಗೆ ಮಾಲೀಕ ಹಾಗೆ ಇಳಿಸಿಕೊಂಡೇ ಗಲ್ಲಾಪೆಟ್ಟಿಗೆ ಎಣಿಸುತ್ತಿದ್ದುದು. ಅವಳು ಒಂದು ಉಣ್ಣೆಯ ಕೋಟಿನ ತೋಳಿನ ಮೇಲೆ ಬಾಗಿದ್ದಳು. ತೂಗುವ ಬಟ್ಟೆಗಳ ಹಾಳೆ ಸರಸರ ಎಂದಿತು. ಅವನು ಹಿಂದೆ ಬಂದು ನಿಂತ. ಅವನ ಕೈ ಅವಳ ಭುಜದ ಮೇಲೆ ಬಿದ್ದಾಗ ಅವಳ ಕೈ ಮಾಡಿದ ಮೊದಲ ಕೆಲಸವೆಂದರೆ, ಸೂಜಿಯನ್ನು ದಿಂಬಿಗೆ ಚುಚ್ಚಿದ್ದು.

"ಬೇಡ ಅಣ್ಣ" ಎಂದಳು.

"ಸುಮ್ಮನಿರು" ಎಂದ.

ಅವಳು ಸುಮ್ಮನಾದಳು. ಆಮೇಲೆ ನಡೆದುದನ್ನು ಅವಳು ಠಾಣೆಯಲ್ಲಿ ಹೇಳಿದ್ದಾಳೆ, ಡಾಕ್ಟರ ಮುಂದೆ ಹೇಳಿದ್ದಾಳೆ, ನ್ಯಾಯಾಲಯದಲ್ಲಿ ಹೇಳಿದ್ದಾಳೆ. ಮತ್ತೊಮ್ಮೆ ಇಲ್ಲಿ ಅವಳಿಂದ ಅದನ್ನು ಹೇಳಿಸುವುದು ಬೇಡ. ಮೈ ತನ್ನದಲ್ಲವೆಂಬಂತೆ ಆಗಿತ್ತು, ಕಾಲು ಕಿತ್ತಿಡಲಾಗಲಿಲ್ಲ, ಕಿರುಚಬೇಕೆಂಬುದು ತಲೆಗೆ ಬಂದರೂ ಗಂಟಲಿಗೆ ಇಳಿಯಲಿಲ್ಲ, ಇಷ್ಟು ಸಾಕು. ಅವನು ಮುಂದುಗಡೆ ಹೋಗಿ ನೀರು ಕುಡಿಯುವ ಸದ್ದು ಕೇಳಿದಾಗ ಅವಳು ಎದ್ದು, ಬಟ್ಟೆಗಳ ಮಧ್ಯೆ ನುಗ್ಗಿ, ಷಟರಿನ ಕೆಳಗೆ ಬಗ್ಗಿ ಹೊರಗೆ ಬಂದಳು. ಹಾಗೆ ಬಗ್ಗುವಾಗ ಅಂಗಿಯ ತೋಳು ಗೋಡೆಯ ಕೊಕ್ಕೆಗೆ ಸಿಕ್ಕಿಕೊಂಡಿತು. ನಿಂತು ಬಿಡಿಸಿಕೊಳ್ಳುವ ವ್ಯವಧಾನವಿರಲಿಲ್ಲ. ಜಗ್ಗಿದಳು. ಪರ್ರನೆ ಹರಿಯಿತು.

ಮನೆಯಲ್ಲಿ ಅತ್ತೆ ಹಿಂದಿನ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡಿದ್ದರು. ಅವಳು ಬಟ್ಟೆ ಬದಲಿಸಿ, ದೀಪದ ಕೆಳಗೆ ಕುಳಿತು, ಹರಿದ ತೋಳನ್ನು ಮೊಣಕಾಲ ಮೇಲೆ ಹರಡಿ ರಫೂ ಮಾಡತೊಡಗಿದಳು. ಯಾಕೆ ಎಂದು ಕೇಳಿದವರಿಗೆಲ್ಲ ಅವಳು ಒಂದೇ ಉತ್ತರ ಕೊಟ್ಟಳು: ಹರಿದಿತ್ತು, ಅದಕ್ಕೆ. ಕೆಲಸ ಅರ್ಧವಾಗುವ ಹೊತ್ತಿಗೆ ಗಂಡ ಬಂದ. ಅವನದು ಲಿಫ್ಟು ರಿಪೇರಿ ಕೆಲಸ. ಕೈಗೆ ಗ್ರೀಸು ಅಂಟಿದ್ದರಿಂದ ನೇರ ಬಚ್ಚಲಿಗೆ ಹೊರಟವನು ಅವಳ ಮುಖ ನೋಡಿ ನಿಂತ.

"ಏನಾಯ್ತೇ?"

ಅವಳು ಹೊಲಿಯುತ್ತಲೇ ಹೇಳಿದಳು. ಹೇಳಿ ಮುಗಿದ ಮೇಲೂ ಸೂಜಿ ನಡೆದೇ ಇತ್ತು. ಅವನೇ ಅದನ್ನು ಅವಳ ಕೈಯಿಂದ ತೆಗೆದುಕೊಳ್ಳಬೇಕಾಯಿತು. ತೆಗೆದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತು, ಅವನು ಕೇಳಿದ ಮೊದಲ ಪ್ರಶ್ನೆ, "ಕಿರುಚೋಕೇನಾಗಿತ್ತು ನಿನಗೆ?"

ಅವನ ಕಣ್ಣು ಆಮೇಲೆ ತೋಳಿನ ಮೇಲೆ ಹೋಯಿತು. ಅಂಗಿಯನ್ನು ಎತ್ತಿ ಬೆಳಕಿಗೆ ಹಿಡಿದ. "ಹರಿದಿದಾನೆ" ಎಂದ. ಅವನ ದನಿಯಲ್ಲಿ ಸಿಟ್ಟಿತ್ತು. ಸಿಟ್ಟಿನ ಕೆಳಗೆ, ಅವಳಿಗೆ ಸ್ಪಷ್ಟವಾಗಿ ಕೇಳಿಸಿತು, ಒಂದು ಸಮಾಧಾನವಿತ್ತು. "ಹರಿದಿದಾನೆ ಅಂದ್ಮೇಲೆ ಮುಗೀತು. ನಡಿ, ಠಾಣೆಗೆ."

ಅಲ್ಲ, ಅದು ಕೊಕ್ಕೆಗೆ ಸಿಕ್ಕಿದ್ದು ಎಂದು ಹೇಳಲು ಅವಳ ನಾಲಿಗೆ ಏಳಲಿಲ್ಲ.

ಠಾಣೆಯ ಮಹಿಳಾ ಅಧಿಕಾರಿ ಕೆಟ್ಟವಳಲ್ಲ. ಕುಡಿಯಲು ನೀರು ಕೊಟ್ಟಳು, ಬಾಗಿಲು ಹಾಕಿಕೊಂಡು ಮಾತಾಡಿದಳು. ರಫೂ ಅಕ್ಕ ನಡೆದುದನ್ನು ಹೇಳಿದಳು. ಬೇಡ ಎಂದೆ ಎಂದೂ ಹೇಳಿದಳು. ಅವನು ಏನೆಂದ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೇಳಿದರೆ ಮುಂದಿನ ಮಾತನ್ನೂ ಹೇಳಬೇಕಿತ್ತಲ್ಲ: ಅವನು ಸುಮ್ಮನಿರು ಅಂದ, ನಾನು ಸುಮ್ಮನಿದ್ದೆ. ಗಲ್ಲದ ಮೇಲೆ ಹೊಡೆದ ಗುರುತಿನಂತೆ ಆ ಮಾತು ಅವಳಿಗೆ ಉರಿಯುತ್ತಿತ್ತು.

ಅಧಿಕಾರಿ ಅಂಗಿಯನ್ನು ಚೀಲಕ್ಕೆ ಹಾಕುವ ಮೊದಲು ತೋಳನ್ನು ನೋಡಿ, "ಇದನ್ಯಾಕಮ್ಮ ಹೊಲಿಯೋಕೆ ಹೋದ್ರಿ? ಅರ್ಧ ಮುಚ್ಚೇಹೋಗಿದೆ" ಎಂದಳು. ಆಮೇಲೆ, "ಅವನೇ ಹರಿದದ್ದಾ?"

"ಮತ್ತಿನ್ಯಾರು ಹರೀತಾರೆ?" ಎಂದ ಗಂಡ ಬಾಗಿಲಾಚೆಯಿಂದ.

ಅಧಿಕಾರಿ ಅವಳ ಮುಖ ನೋಡಿದಳು. ಅವಳು ಏನೂ ಹೇಳಲಿಲ್ಲ. ಅಧಿಕಾರಿ ಬರೆದುಕೊಂಡಳು.

ಹೀಗೆ ಆ ಹರಕು ಮಾಲೀಕನ ಲೆಕ್ಕಕ್ಕೆ ಹೋಯಿತು. ಮಾಲೀಕನನ್ನು ಹಿಡಿದರು, ಜಾಮೀನಿನ ಮೇಲೆ ಬಿಟ್ಟರು. ಅವನ ಹೇಳಿಕೆ ಸರಳವಾಗಿತ್ತು: ನಡೆದದ್ದು ನಿಜ, ಅವಳೂ ಒಪ್ಪಿದ್ದಳು. ಷಟರು ಮತ್ತೆ ಏರಿತು, ಇಳಿಯಿತು. ಇಸ್ತ್ರಿಯವನು ಬೀದಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದ. ಅವಳು ಮನೆಯಲ್ಲೇ ಮೇಜು ಹಾಕಿಕೊಂಡಳು. ಆ ಅಂಗಡಿಯನ್ನು ದಾಟದೆ ಮನೆಯಿಂದ ಬಸ್ಸಿಗೆ ಹೋಗುವ ದಾರಿಯಿರಲಿಲ್ಲ, ಹಾಗಾಗಿ ಅವಳು ಬಸ್ಸಿಗೆ ಹೋಗುವುದನ್ನೇ ಬಿಟ್ಟಳು. ಮಗಳು ಫೋನಿನಲ್ಲಿ "ಇಲ್ಲಿಗೆ ಬಂದುಬಿಡಮ್ಮ" ಎನ್ನುತ್ತಿದ್ದಳು. ಸಾಕ್ಷಿ ಹೇಳುವವರೆಗೆ ಊರು ಬಿಡುವ ಹಾಗಿಲ್ಲವೆಂದು ಅವಳು ನಂಬಿದ್ದಳು. ಯಾರೂ ಹಾಗೆಂದಿರಲಿಲ್ಲ.

ಅತ್ತೆಯ ನಾಲಿಗೆ ಹರಿತವಾದದ್ದು. "ನನ್ನ ಸೊಸೆ ಆಕಾಶ ಹರಿದ್ರೂ ಹೊಲೀತಾಳೆ, ಅಡುಗೆಗೆ ಉಪ್ಪು ಹಾಕೋದು ಮಾತ್ರ ಅವಳ ಕೈಲಾಗಲ್ಲ" ಎಂದು ಮೊದಲಿನಿಂದಲೂ ಆಡಿಕೊಳ್ಳುತ್ತಿದ್ದವರು. ಆದರೆ ಈ ವಿಷಯದಲ್ಲಿ ನೆರೆಯವಳೊಬ್ಬಳು ಬಂದು ಮೆಲ್ಲಗೆ ಕೆದಕಿದಾಗ, "ನಿಮ್ಮನೇಲಿ ಒಲೆ ಮೇಲೆ ಏನೋ ಸೀದು ಹೋಗ್ತಿದೆ, ಹೋಗಿ ನೋಡ್ಕೊಳ್ಳಿ" ಎಂದು ಹೊಸಿಲಲ್ಲೇ ಸಾಗಹಾಕಿದರು.

ವರ್ಷ ಉರುಳಿ ಸಾಕ್ಷಿಯ ದಿನ ಹತ್ತಿರ ಬಂದಾಗ ಸರ್ಕಾರಿ ವಕೀಲೆ ಅವಳನ್ನು ಕಚೇರಿಗೆ ಕರೆಸಿಕೊಂಡಳು. ಮಗಳಿಗಿಂತ ಕೊಂಚ ದೊಡ್ಡ ವಯಸ್ಸು, ಮೇಜಿನ ತುಂಬ ಕಡತ, ಒಂದು ಕಡತದ ಮೇಲೆ ಅರ್ಧ ತಿಂದ ಬನ್ನು.

"ಅವರ ವಕೀಲರು ಕೇಳೋದು ಒಂದೇ" ಎಂದಳು ವಕೀಲೆ. "ಯಾಕೆ ಕಿರುಚಲಿಲ್ಲ, ಯಾಕೆ ಎದುರು ಬೀಳಲಿಲ್ಲ. ನೀವು ಹೆದರಬೇಡಿ. ಹಿಂದೆಲ್ಲ ಕಾನೂನು ಹಾಗೇ ಇತ್ತು, ಮೈಮೇಲೆ ಗಾಯ ಇದ್ಯಾ, ಹೋರಾಡಿದ್ದಾಳಾ ಅಂತ ಹುಡುಕ್ತಿತ್ತು. ಈಗ ಹಾಗಿಲ್ಲ. ಒಪ್ಪಿಗೆ ಅಂದ್ರೆ, ಮಾತಲ್ಲೋ ಸನ್ನೆಯಲ್ಲೋ, ನನಗಿದು ಸಮ್ಮತ ಅಂತ ಸ್ಪಷ್ಟವಾಗಿ ತಿಳಿಸೋದು. ತಡೆಯಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಒಪ್ಪಿದಳು ಅಂತ ಹೇಳೋ ಹಾಗಿಲ್ಲ. ಹೆದರಿ ಮರಗಟ್ಟಿ ನಿಂತಿದ್ದು ಒಪ್ಪಿಗೆ ಆಗಲ್ಲ. ಬಲವಂತ ಅನ್ನೋಕೆ ಅವನು ಹೊಡೆದಿರಲೇಬೇಕು ಅಂತೇನೂ ಇಲ್ಲ."

ಅವಳು ಕಿವಿಯೆಲ್ಲ ತೆರೆದು ಕೇಳಿದಳು. ಕಾನೂನಿನ ಪುಸ್ತಕದಲ್ಲಿ ಅವಳ ಮುಖವನ್ನೂ ನೋಡದ ಯಾರೋ ಅವಳ ಗಂಟಲಿನ ಬಗ್ಗೆ, ಕಾಲಿನ ಬಗ್ಗೆ ಬರೆದಿಟ್ಟಿದ್ದರು.

"ಮತ್ತೆ ನಮ್ಮ ಹತ್ರ ತೋಳು ಇದೆ" ಎಂದಳು ವಕೀಲೆ. "ಹರಿದಿರೋದು ತುಂಬ ಒಳ್ಳೇದಾಯ್ತು. ಅರ್ಧ ಹೊಲಿದುಬಿಟ್ಟಿದ್ದೀರಿ, ಹೇಗೆ ಹರಿದದ್ದು ಅಂತ ಪ್ರಯೋಗಾಲಯದೋರಿಗೂ ಹೇಳೋಕಾಗಿಲ್ಲ. ಪರವಾಗಿಲ್ಲ, ಹರಿದಿರೋದು ಕಾಣುತ್ತೆ."

"ಅಮ್ಮ" ಎಂದಳು ಅವಳು. "ತೋಳು ಹರಿಯದೇ ಇದ್ದಿದ್ರೆ?"

"ಕಾನೂನಿನ ಪ್ರಕಾರ ಏನೂ ವ್ಯತ್ಯಾಸ ಇಲ್ಲ."

"ಕಾನೂನು ಬಿಟ್ಟು?"

ವಕೀಲೆ ಬನ್ನನ್ನು ಎತ್ತಿ ಪಕ್ಕಕ್ಕಿಟ್ಟು, ಕಡತ ಮುಚ್ಚಿದಳು. "ಕಾನೂನು ಬದಲಾಗಿದೆ ಅಕ್ಕ. ಅದನ್ನ ಓದೋರು ಮನುಷ್ಯರು. ಏನಾದ್ರೂ ಕಣ್ಣಿಗೆ ಕಾಣಿಸಿದ್ರೆ ಅವರಿಗೂ ಧೈರ್ಯ ಬರುತ್ತೆ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅದನ್ನೇ ಮಥಿಸಿದಳು. ಗಂಡನಿಗೆ ಬೇಕಾಗಿರುವುದು ಹರಕು. ಠಾಣೆಗೆ ಹರಕು. ವಕೀಲೆಗೂ ಹರಕು. ಹಾಗಾದರೆ ಆ ಕೊಕ್ಕೆ ಗೋಡೆಯಲ್ಲಿ ಇನ್ನಷ್ಟು ಕೆಳಗಿದ್ದಿದ್ದರೆ, ಅಥವಾ ತಾನು ಇನ್ನಷ್ಟು ಬಗ್ಗಿದ್ದರೆ, ಆ ಸಂಜೆ ಏನೂ ನಡೆದೇ ಇರಲಿಲ್ಲವೇ? ತಾನು ಬೇಡ ಅಂದದ್ದಕ್ಕಿಂತ ಒಂದು ಕಬ್ಬಿಣದ ತುಂಡಿನ ಮಾತಿಗೆ ಬೆಲೆ ಹೆಚ್ಚೇ?

ಹರಕು ಯಾರದೆಂದು ಪತ್ತೆಹಚ್ಚಬಲ್ಲವರು ಲೋಕದಲ್ಲಿ ಯಾರೂ ಇರಲಿಲ್ಲ. ಅವಳ ಕೈಯೇ ಅದನ್ನು ಅಷ್ಟು ಚೆನ್ನಾಗಿ ಮುಚ್ಚಿಬಿಟ್ಟಿತ್ತು. ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ, ಮತ್ತೊಮ್ಮೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತ ಅವಳು ಬಾಯಿಬಿಟ್ಟಳು. "ಅತ್ತೆ, ತೋಳು ಹರಿದಿದ್ದು ಅವನಲ್ಲ. ಓಡಿಬರುವಾಗ ಕೊಕ್ಕೆಗೆ ಸಿಕ್ಕಿದ್ದು."

ಅತ್ತೆ ತಿರುಗಲಿಲ್ಲ. "ಇದನ್ನ ಇನ್ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ."

"ಹಂಗೇ ಇರಲಿ. ಅವನು ನಿನ್ನ ಮೈ ಮುಟ್ಟಿದ್ದು ಸುಳ್ಳಾ?"

"ಅಲ್ಲ."

"ನೀನು ಬೇಡ ಅಂದಿದ್ದು ಸುಳ್ಳಾ?"

"ಅಲ್ಲ."

"ಇಷ್ಟು ದೊಡ್ಡ ನಿಜದ ಜೊತೆ ಒಂದಿಷ್ಟುದ್ದದ ಹರಕು ಅವನ ತಲೆ ಮೇಲೆ ಬಿದ್ರೆ ಯಾವ ಪ್ರಪಂಚ ಮುಳುಗುತ್ತೆ? ನಿನ್ನ ಗಂಡನ್ನ ನೋಡಿದ್ದೀಯ? ಆ ಹರಕು ಹಿಡ್ಕೊಂಡೇ ಅವನು ನಿಂತಿದಾನೆ. ಅದನ್ನೂ ಕಿತ್ಕೋತೀಯ?"

ಅವಳ ಬೆರಳುಗಳು ಅತ್ತೆಯ ಬಿಳಿ ಕೂದಲಲ್ಲಿ ನಿಂತುಹೋದವು. ಅತ್ತೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಕಷ್ಟ. ಗಂಡ ಊಟಕ್ಕೆ ಕೂತಾಗ, ನೆಂಟರು ಬಂದಾಗ, ಯಾರಾದರೂ ಕೇಳಲಿ ಕೇಳದಿರಲಿ, "ಅಂಗಿ ಹರಿದುಹಾಕಿದಾನೆ ರೀ" ಎಂದು ಆ ಒಂದು ಮಾತಿನಿಂದ ಶುರುಮಾಡುತ್ತಿದ್ದ. ಅದಿಲ್ಲದಿದ್ದರೆ ಅವನು ಅವಳನ್ನು ಹೇಗೆ ನೋಡುತ್ತಿದ್ದನೋ, ಅವಳಿಗೆ ಊಹಿಸಲು ಧೈರ್ಯವಿರಲಿಲ್ಲ.

ಸಾಕ್ಷಿಯ ಕೋಣೆ ಚಿಕ್ಕದು. ಅವಳ ಮರ್ಯಾದೆಗೆಂದು ಹೊರಗಿನವರನ್ನೆಲ್ಲ ಕಳಿಸಿ ಬಾಗಿಲು ಹಾಕಿದರು. ಗಂಡನೂ ಹೊರಗಿನ ಬೆಂಚಿನಲ್ಲಿ ಉಳಿದ. ಚಿಲಕ ಬಿದ್ದ ಸದ್ದಿಗೆ ಅವಳು ಕಿಟಕಿ ಹುಡುಕಿದಳು. ಕಿಟಕಿಗೆ ಕಬ್ಬಿಣದ ಬೀರು ಅಡ್ಡವಿಟ್ಟಿದ್ದರು. ಅವಳಿಗೂ ಮಾಲೀಕನಿಗೂ ನಡುವೆ ಒಂದು ಹಸಿರು ಪರದೆ ಕಟ್ಟಿದ್ದರು. ಅವನು ಕಾಣುತ್ತಿರಲಿಲ್ಲ, ಅವನ ಕೆಮ್ಮು ಮಾತ್ರ ಕೇಳುತ್ತಿತ್ತು. ನ್ಯಾಯಾಧೀಶರು ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುತ್ತಿದ್ದರು. ಮೇಜಿನ ಮೇಲೆ ಗುರುತಿನ ಚೀಟಿ ಕಟ್ಟಿದ ಅವಳ ಅಂಗಿ.

ಮಾಲೀಕನ ವಕೀಲ ದನಿಯೇರಿಸುವವನಲ್ಲ. ಮದುವೆಮನೆಯಲ್ಲಿ ವಿಚಾರಿಸಿಕೊಳ್ಳುವವನಂತೆ ನಯವಾಗಿ ಶುರುಮಾಡಿದ.

"ನೀವು ಕೆಲಸ ಮಾಡ್ತಾ ಇದ್ರಿ ಅಂದ್ರೆ ಕೈಯಲ್ಲಿ ಸೂಜಿ ಇತ್ತು, ಅಲ್ವೇನಮ್ಮ?"

"ಇತ್ತು."

"ಅವರು ಭುಜ ಮುಟ್ಟಿದಾಗ ಸೂಜಿ ಏನು ಮಾಡಿದ್ರಿ?"

"ದಿಂಬಿಗೆ ಚುಚ್ಚಿದೆ."

"ಕೈಯಲ್ಲಿದ್ದ ಒಂದೇ ಆಯುಧ. ಅದನ್ನ ನೀವಾಗೇ ಕೆಳಗಿಟ್ರಿ."

"ಸೂಜಿ ಕೆಳಗೆ ಬೀಳಬಾರದು."

"ಅಂಥಾ ಹೊತ್ತಲ್ಲೂ ಅದು ನೆನಪಿತ್ತು ನಿಮಗೆ."

"ನೆನಪಾಗಿದ್ದಲ್ಲ. ಕೈ ಹಾಗೆ ಮಾಡ್ತು."

ಅವನು ಸಾಕ್ಷಿ ಬರೆದುಕೊಳ್ಳುವ ಗುಮಾಸ್ತನ ಕಡೆ ನೋಡಿ, ಬರೆದುಕೊಳ್ಳುವಷ್ಟು ಹೊತ್ತು ಕಾದ. ಸರ್ಕಾರಿ ವಕೀಲೆ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದಳು.

"ಮನೆಗೆ ಹೋಗಿ ಹೊಲಿಗೆಗೆ ಕೂತ್ರಿ. ಅಳಲಿಲ್ಲ, ಅತ್ತೆಗೆ ಹೇಳಲಿಲ್ಲ, ಹೊಲಿಗೆಗೆ ಕೂತ್ರಿ. ಸರಿ ಬಿಡಿ. ಈ ತೋಳು. ನಮ್ಮ ಕಕ್ಷಿದಾರರು ಇದನ್ನ ಹರಿದ್ರು ಅಂತ ಠಾಣೇಲಿ ಬರೆಸಿದ್ದೀರಿ. ಯಾವ ಕೈಯಿಂದ ಹರಿದ್ರು?"

ಬಲಗೈ ಎಂದರೆ ಸಾಕಿತ್ತು. ಎಡಗೈ ಎಂದರೂ ಸಾಕಿತ್ತು. ಸರ್ಕಾರಿ ವಕೀಲೆ ಅವಳನ್ನೇ ನೋಡುತ್ತಿದ್ದಳು. ಬಾಗಿಲಾಚೆ ಬೆಂಚಿನಲ್ಲಿ ಗಂಡ ಕೂತಿದ್ದ. ಅವಳಿಗೆ ಅಂಗಿಯನ್ನು ನೋಡಿದಾಗ ಅನಿಸಿದ್ದು ಇಷ್ಟೇ: ಇದು ನನ್ನ ಪರವಾಗಿ ಮಾತಾಡಿದರೆ ನಾನು ಮತ್ತೆಂದೂ ಮಾತಾಡಬೇಕಾಗುವುದಿಲ್ಲ. ಆ ಯೋಚನೆ ಅವಳಿಗೆ ನೆಮ್ಮದಿ ಕೊಡುವ ಬದಲು ಉಸಿರು ಕಟ್ಟಿಸಿತು.

"ಅವರು ಹರೀಲಿಲ್ಲ" ಎಂದಳು. "ಷಟರಿನ ಹತ್ರ ಕೊಕ್ಕೆ ಇದೆ. ಹೊರಗೆ ಬರುವಾಗ ಸಿಕ್ಕಿ ಹರೀತು. ಠಾಣೇಲಿ ಕೇಳಿದಾಗ ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಾನೂ ಅನ್ನಲಿಲ್ಲ. ಬಾಯಿ ಮುಚ್ಕೊಂಡಿದ್ದೆ. ಅವರು ಹೌದು ಅಂತ ಬರ್ಕೊಂಡ್ರು."

ಸರ್ಕಾರಿ ವಕೀಲೆಯ ಪೆನ್ನಿನ ಮುಚ್ಚಳ ಉರುಳಿ ಕೆಳಗೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ. ಮಾಲೀಕನ ವಕೀಲ ತುಟಿಯಂಚಿನಲ್ಲಿ ನಗು ಬರದಂತೆ ಗಡ್ಡ ಸವರಿಕೊಂಡ.

"ಅಂದ್ರೆ ಅವರು ಹೊಡೆದಿಲ್ಲ."

"ಇಲ್ಲ."

"ಬಾಯಿ ಮುಚ್ಚಿ ಹಿಡಿದಿಲ್ಲ."

"ಇಲ್ಲ."

"ಬಟ್ಟೇನೂ ಹರಿದಿಲ್ಲ. ನೀವೂ ಕಿರುಚಿಲ್ಲ, ತಳ್ಳಿಲ್ಲ, ಸೂಜಿ ಇಟ್ಟು ಕೂತಿದ್ದೀರಿ. ಉಳಿದದ್ದು ಒಂದೇ, ಬೇಡ ಅಣ್ಣ ಅಂದೆ ಅಂತೀರಿ. ಎಷ್ಟು ಜೋರಾಗಿ ಅಂದ್ರಿ? ಈಗ ಮಾತಾಡ್ತಿರೋಷ್ಟಾ?"

"ಇನ್ನೂ ಮೆತ್ತಗೆ."

"ಇನ್ನೂ ಮೆತ್ತಗೆ!" ಅವನು ನ್ಯಾಯಾಧೀಶರ ಕಡೆ ತಿರುಗಿದ. "ಬೀದೀಲಿ ಬಸ್ಸುಗಳ ಗದ್ದಲ. ಇಷ್ಟು ಮೆತ್ತಗಿನ ಮಾತು ಅವರ ಕಿವಿಗೆ ಬಿತ್ತು ಅಂತ ನಿಮಗೆ ಹೇಗೆ ಗೊತ್ತಮ್ಮ?"

"ಉತ್ತರ ಕೊಟ್ರಲ್ಲ."

"ಏನು?"

"ಸುಮ್ಮನಿರು ಅಂದ್ರು."

ಹಸಿರು ಪರದೆಯ ಆಚೆ ಕೆಮ್ಮು ನಿಂತಿತು. ನ್ಯಾಯಾಧೀಶರು ಮೊದಲ ಬಾರಿಗೆ ತಾವೇ ಕೇಳಿದರು. "ನೀವು ಬೇಡ ಅಂದದ್ದಕ್ಕೆ ಅವರು ಹಾಗಂದ್ರಾ?"

"ಹೌದು. ಬೇಡ ಅಣ್ಣ ಅಂದೆ. ಸುಮ್ಮನಿರು ಅಂದ್ರು. ನಾನು ಸುಮ್ಮನಾದೆ." ಇಷ್ಟು ದಿನ ಯಾರಿಗೂ ಹೇಳದೆ ಹೊತ್ತ ಕೊನೆಯ ಮಾತು ಬಾಯಿಂದ ಬಿದ್ದಾಗ ಅವಳು ಅಳಲಿಲ್ಲ. ಕಟಕಟೆಯ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಅಷ್ಟೆ.

"ಇದನ್ನ ಮೊದಲು ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಸ್ವಾಮಿ. ನನಗೂ ನಾಚಿಕೆ ಇತ್ತು."

ಹೊರಗೆ ಬಂದಾಗ ಗಂಡ ಎದ್ದು ನಿಂತ. "ತೋಳು ತೋರಿಸಿದ್ರಾ?"

"ತೋರಿಸಿದ್ರು. ಅವರು ಹರಿದದ್ದಲ್ಲ, ಕೊಕ್ಕೆಗೆ ಸಿಕ್ಕಿದ್ದು ಅಂತ ಹೇಳ್ದೆ ರೀ."

ಅವನು ಮೆಟ್ಟಿಲಿಳಿದು ಹೊರಟುಹೋದ. ಅವಳು ಒಬ್ಬಳೇ ಬಸ್ಸು ಹತ್ತಿ, ಅಂಗಡಿಯ ಮುಂದೆಯೇ ಇಳಿದು, ನಡೆದು ಮನೆಗೆ ಬಂದಳು. ಅವನು ಮನೆಗೇನೋ ಬಂದ. ಆದರೆ ಒಂದೇ ಮನೆಯಲ್ಲಿ ಇಬ್ಬರೂ ಬಾಡಿಗೆದಾರರ ಹಾಗೆ ಬದುಕಿದರು. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಕೇಳಿದರೆ ಹೂಂ ಎನ್ನುತ್ತಿದ್ದ. ಅತ್ತೆ ಇಬ್ಬರ ಮಧ್ಯೆ ಕೂತು ಉಪ್ಪಿನ ಬಗ್ಗೆ ಕೂಡ ಮಾತಾಡುವುದನ್ನು ಬಿಟ್ಟರು.

ತೀರ್ಪು ಬಂದದ್ದು ಅದಾದ ಎಷ್ಟೋ ದಿನಗಳ ಮೇಲೆ. ಮಾಲೀಕ ತಪ್ಪಿತಸ್ಥ. ತೋಳಿನ ಹರಕನ್ನು ಈ ನ್ಯಾಯಾಲಯ ಯಾವ ಕಡೆಗೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ನ್ಯಾಯಾಧೀಶರು ಬರೆದಿದ್ದರು. ಬೇಡ ಎಂಬ ಮಾತಿಗೆ ಸುಮ್ಮನಿರು ಎಂದು ಉತ್ತರಿಸಿದವನು ಆ ಮಾತನ್ನು ಕೇಳಿಸಿಕೊಂಡಿದ್ದಾನೆ. ಕೇಳಿಸಿಕೊಂಡ ಮೇಲೆ ಉಂಟಾದ ಮೌನವನ್ನು ಒಪ್ಪಿಗೆಯೆನ್ನಲು ಬರುವುದಿಲ್ಲ. ಸೂಜಿಯನ್ನು ದಿಂಬಿಗೆ ಚುಚ್ಚಿದ್ದು ಕಸುಬಿನ ಅಭ್ಯಾಸವೇ ಹೊರತು ಸಮ್ಮತಿಯ ಸನ್ನೆಯಲ್ಲ. ತನಗೆ ಅನುಕೂಲವಾಗಿದ್ದ ಹರಕನ್ನು ತಾನಾಗಿಯೇ ಬಿಟ್ಟುಕೊಟ್ಟ ಸಾಕ್ಷಿಯ ಮಿಕ್ಕ ಮಾತನ್ನು ನಂಬದಿರಲು ಕಾರಣ ಕಾಣುವುದಿಲ್ಲ ಎಂದೂ ಇತ್ತು.

ಗಂಡ ಊಟದ ತಟ್ಟೆಯನ್ನು ಪಕ್ಕಕ್ಕಿಟ್ಟು, ತೀರ್ಪಿನ ಪ್ರತಿಯನ್ನು ಅಡುಗೆಮನೆಯ ಬಾಗಿಲಲ್ಲಿ ಕೂತು ಓದಿದ. ನಿಧಾನವಾಗಿ ಓದುವವನು. ಓದಿ ಮುಗಿಸಿ, ಅಷ್ಟು ದಿನಗಳ ಮೇಲೆ ತಾನಾಗಿ ಮಾತಾಡಿದ. "ಅವನು ಹಾಗಂದಿದ್ದನ್ನ ನನಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಯಾಕೆ ಕಿರುಚಲಿಲ್ಲ ಅಂತ."

ಅವನು ಪ್ರತಿಯನ್ನು ಮಡಿಸಿಟ್ಟ. ಆಮೇಲೆ, ಗೋಡೆಗೆ ಹೇಳುವವನಂತೆ, "ಒಂದ್ಸಲ ಲಿಫ್ಟು ನಿಂತಿದೆ ಅಂತ ಹೋಗಿದ್ದೆ. ಖಾಲಿ ಇದೆ ಅಂದಿದ್ರು. ಬಾಗಿಲು ತೆಗೆದ್ರೆ ಒಳಗೆ ಒಬ್ಬ ದಾಂಡಿಗ ನಿಂತಿದಾನೆ. ಗಂಟೆ ಒತ್ತಿಲ್ಲ, ಬಡಿದಿಲ್ಲ. ಯಾಕಯ್ಯಾ ಅಂದ್ರೆ, ಗೊತ್ತಿಲ್ಲ ಅಂದ. ಆಚೆ ಬಂದು ನಾವೆಲ್ಲ ನಕ್ಕಿದ್ವಿ" ಎಂದ. ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮಾಲೀಕ ಮೇಲಿನ ನ್ಯಾಯಾಲಯಕ್ಕೆ ಹೋದ. ಅರ್ಜಿ ಇತ್ಯರ್ಥವಾಗುವವರೆಗೆ ಜಾಮೀನು ಸಿಕ್ಕಿತು. ಷಟರು ಮತ್ತೆ ಏರಿತು. ಗೆದ್ದವಳು ಮನೆಯೊಳಗಿದ್ದಳು, ಸೋತವನು ಬೀದಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಹೊಸ ದಿನಾಂಕ ಬಂದಾಗಲೆಲ್ಲ ಅವಳಿಗೆ ಮತ್ತೆ ಆ ಚಿಕ್ಕ ಕೋಣೆ, ಚಿಲಕ, ಹಸಿರು ಪರದೆ ಕನಸಿಗೆ ಬರುತ್ತಿದ್ದವು. ಅಷ್ಟರಲ್ಲಿ ಅವಳ ಶ್ವಾಸಕೋಶಕ್ಕೆ ಕಾಯಿಲೆ ಹತ್ತಿತು. ವರ್ಷಗಟ್ಟಲೆ ಉಣ್ಣೆಯ ಧೂಳು, ಡ್ರೈಕ್ಲೀನಿಂಗಿನ ಹೊಗೆ ಕುಡಿದ ಎದೆ ಎಂದರು ಡಾಕ್ಟರು. ಆಸ್ಪತ್ರೆಯ ಹಾಸಿಗೆಯ ಮೇಲೂ ಹೊದಿಕೆಯ ಅಂಚಿನ ಎಳೆಗಳನ್ನು ಎಣಿಸುವವಳಂತೆ ಬೆರಳಾಡಿಸುತ್ತಿದ್ದಳು. ದಾದಿಯೊಬ್ಬಳ ಸಮವಸ್ತ್ರದ ಜೇಬು ಹರಿದದ್ದನ್ನು ನೋಡಿ, "ಬಿಚ್ಚಿಕೊಟ್ಟು ಹೋಗು ಮಗಾ, ಸಾಯೋದ್ರೊಳಗೆ ಮುಗಿಸಿಕೊಡ್ತೀನಿ" ಎಂದು ನಗಿಸಿದಳು.

ಸರ್ಕಾರಿ ವ‌ಕೀಲೆ ಒಂದು ಮಧ್ಯಾಹ್ನ ನೋಡಲು ಬಂದಳು. ಗಂಡ ಕುರ್ಚಿ ಬಿಟ್ಟುಕೊಟ್ಟು ಕಿಟಕಿಯ ಹತ್ತಿರ ನಿಂತ.

"ಅಮ್ಮ, ಮೇಲಿನ ಕೋರ್ಟಲ್ಲಿ ನನ್ನನ್ನ ಮತ್ತೆ ನಿಲ್ಲಿಸಿ ಕೇಳ್ತಾರಾ?" ಅವಳ ಉಸಿರು ಮಾತಿನ ಮಧ್ಯೆ ತುಂಡಾಗುತ್ತಿತ್ತು.

"ಇಲ್ಲ ಅಕ್ಕ. ಅಲ್ಲಿ ನೀವು ಬರಬೇಕಾಗಿಲ್ಲ. ಇಲ್ಲಿ ಹೇಳಿದ್ದನ್ನೇ ಓದ್ತಾರೆ."

"ಕೊಕ್ಕೆ ವಿಷಯಾನೂ?"

"ಅದೂ ಇದೆ. ಎಲ್ಲಾ ಇದೆ."

ಅವಳು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ಹಾಗಾದ್ರೆ ನಾನಿಲ್ಲದಿದ್ರೂ ನಡೆಯುತ್ತೆ" ಎಂದಳು.

ಆ ವಾರವೇ ಅವಳು ತೀರಿಕೊಂಡಳು. ಮೇಲ್ಮನವಿ ಇನ್ನೂ ವಿಚಾರಣೆಗೆ ಬಂದಿಲ್ಲ, ಮುಂದೆ ಹೋಗುತ್ತಲೇ ಇದೆ. ಪ್ರತಿ ದಿನಾಂಕಕ್ಕೂ ಅವಳ ಗಂಡ ಕೆಲಸಕ್ಕೆ ರಜೆ ಹಾಕಿ ಹೋಗುತ್ತಾನೆ. ಅವನನ್ನು ಯಾರೂ ಕರೆದಿಲ್ಲ, ಅವನು ಸಾಕ್ಷಿಯೂ ಅಲ್ಲ, ಕಕ್ಷಿದಾರನೂ ಅಲ್ಲ. ಕೊನೆಯ ಬೆಂಚಿನಲ್ಲಿ ಕೂತಿರುತ್ತಾನೆ. ಪ್ರಕರಣದ ಸಂಖ್ಯೆ ಕೂಗಿದಾಗ ಎದ್ದು ನಿಲ್ಲುತ್ತಾನೆ. ಇನ್ನೊಂದು ದಿನಾಂಕ ಕೊಟ್ಟ ಮೇಲೆ ಮನೆಗೆ ಬಂದು ತಾಯಿಗೆ ಅದನ್ನು ಹೇಳುತ್ತಾನೆ.